ಮುನ್ನೂರು ಮನೆಯ ಅಂಗಿ

ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ ಸ್ವಾಮಿ. ಒಳಗೆ ಬಂದ ಮೇಲೆ ಕೂರುವ ಹಾಗಿಲ್ಲ. ಈ ಚಾವಡಿಯಲ್ಲಿ ಕೂರುವ ಹಕ್ಕು ಇರುವುದು ಎರಡಕ್ಕೇ. ಎದುರಿಗೆ ಮರದ ಪೀಠದ ಮೇಲಿದೆಯಲ್ಲ, ಆ ಅಂಗಿಗೆ. ಅದರ ಬಲಗಡೆ ಮಣೆ ಹಾಕಿಕೊಂಡು ಕೂತಿರುವ ನನಗೆ. ನಾನು ಈ ಊರಿನ ದರ್ಜಿ.

ಅಂಗಿ ನೋಡೋದಕ್ಕೇ ಬಂದಿದ್ದೀರಿ, ಗೊತ್ತು. ಬಾಗಿಲಲ್ಲಿ ಡಂಗುರದವನು ಆಗಲೇ ನಿಮ್ಮ ಕಿವಿ ತುಂಬಿರುತ್ತಾನೆ. ಇದು ನಮ್ಮ ದಳವಾಯಿಗಳ ಅಂಗಿ, ಎದೆ ಮೇಲಿನ ಎಂಟು ಪದಕ ಎಂಟು ಯುದ್ಧದ್ದು, ವೈರಿಯ ಸೆರೆಯಲ್ಲಿ ಒಂದು ದಿನವೂ ತಲೆ ತಗ್ಗಿಸದ ವೀರನದು ಅಂತ. ಏಳು ಪದಕದ ಮಟ್ಟಿಗೆ ಅವನು ಹೇಳಿದ್ದು ನಿಜ. ಎಂಟನೆಯದರ ಸಂಗತಿ ನಾನು ಹೇಳುತ್ತೇನೆ. ಅದಕ್ಕೆ ಮುಂಚೆ ಅಂಗಿಯ ಅಗಲ ಒಂದು ಸಲ ನೋಡಿ. ಒಂದು ಜೊತೆ ಎತ್ತು ಒಟ್ಟಿಗೆ ತೊಡಬಹುದು. ಅಷ್ಟು ಅಗಲ ಮಾಡಿದ್ದು ಈ ಕೈ.

ಬಂದವರಿಗೆಲ್ಲ ನಾನು ಇದನ್ನು ಹೇಳುವುದಿಲ್ಲ. ಇವತ್ತು ಯಾಕೋ ಬಾಯಿಗೆ ಬಂತು. ನಿಂತೇ ಕೇಳಿ.

ನಾವು ಹೊಳೆಯ ಈ ದಡದವರು. ಆ ದಡದವರು ನಮ್ಮ ವೈರಿಗಳು. ಯಾಕೆ ಅಂತ ಕೇಳಬೇಡಿ, ನಮ್ಮಜ್ಜನಿಗೂ ಗೊತ್ತಿರಲಿಲ್ಲ. ಒಂದು ಬರಗಾಲದ ಬೇಸಿಗೆ, ಹೊಳೆ ಮೊಣಕಾಲುದ್ದ ಇಳಿದಾಗ, ಅವರು ದಂಡು ಕಟ್ಟಿಕೊಂಡು ಬಂದರು. ನಮ್ಮ ದಂಡು ಮೂರು ದಿನ ತಡೆಯಿತು. ನಾಲ್ಕನೆಯ ದಿನ ತಡೆಯೋದಕ್ಕೆ ಜನ ಉಳಿದಿರಲಿಲ್ಲ. ಆಗ ದಳವಾಯಿಗಳು ಒಬ್ಬರೇ ಹೊಳೆಯ ನಡುಮಧ್ಯೆ ಹೋಗಿ ನಿಂತು, "ನನ್ನನ್ನ ತಗೊಳ್ಳಿ, ಊರು ಬಿಡಿ" ಅಂದರು. ಏಳು ಪದಕದ ದಳವಾಯಿ ಸಿಕ್ಕುವಾಗ ಮುನ್ನೂರು ಮನೆಯ ಊರು ಯಾರಿಗೆ ಬೇಕು? ಆ ದಡದವರು ಒಪ್ಪಿಕೊಂಡರು.

ಸೆರೆಯಾಳು ಪದಕದ ಅಂಗಿ ತೊಟ್ಟು ದಡ ಹತ್ತಬಾರದು ಅಂತ ಅವರ ಕಟ್ಟಳೆ. ದಳವಾಯಿಗಳು ನೀರಲ್ಲಿ ನಿಂತೇ ಅಂಗಿ ಕಳಚಿದರು. ಕುದುರೆಯ ಬೆನ್ನ ಮೇಲೆ ಹರವಿ ಮಡಿಸಿದರು. ಎಡತೋಳನ್ನು ಎದೆಯ ಮೇಲೆ ತಂದರು, ಬಲತೋಳನ್ನು ಅದರ ಕೆಳಗೆ ತೂರಿಸಿದರು, ಕೈಕಟ್ಟಿ ನಿಂತ ಮನುಷ್ಯನ ಹಾಗೆ. ಆಮೇಲೆ ಮೂರು ಮಡಿಕೆ. ಕೊರಳಪಟ್ಟಿಯನ್ನು ಒಳಕ್ಕೆ ತಿರುಗಿಸಿ, ಅದರ ಮೇಲೆ ಒಂದು ಸಲ ಅಂಗೈ ಒತ್ತಿದರು. ಕುದುರೆಗೆ ಒಂದು ತಟ್ಟಿದರು. ಅಂಗಿ ಈ ದಡಕ್ಕೆ ಬಂತು, ದಳವಾಯಿಗಳು ಆ ದಡಕ್ಕೆ ಹೋದರು.

ನಾವೆಲ್ಲ ದಡದಲ್ಲಿ ನಿಂತು ನೋಡಿದೆವು. ಮುನ್ನೂರು ಮನೆಯವರೂ ಅತ್ತೆವು. ಆ ಅಳು ನಿಜವಾದ ಅಳು, ಅದರಲ್ಲಿ ಸುಳ್ಳಿರಲಿಲ್ಲ.

ಅಂಗಿಯನ್ನು ತಂದು ಈ ಚಾವಡಿಯಲ್ಲಿ ಕೂರಿಸಿದೆವು. ಅವರು ವಾಪಸು ಬರುವ ತನಕ ಇದರ ಎದುರು ಯಾರೂ ಕೂರಬಾರದು ಅಂತ ಮಾಡಿಕೊಂಡೆವು. ಸೋಮವಾರ, ಹಬ್ಬ ಬಿಟ್ಟು ದಿನಕ್ಕೊಂದು ಮನೆಯ ಸರದಿ. ಬೆಳಿಗ್ಗೆ ಬಂದು ಅಂಗಿಯನ್ನು ಕರೆದುಕೊಂಡು ಹೋಗಬೇಕು. ತಗೊಂಡು ಹೋಗೋದು ಅನ್ನಬಾರದು, ಕರೆದುಕೊಂಡು ಹೋಗೋದು ಅನ್ನಬೇಕು. ಬಿಸಿಲಿಗೆ ಹರವಬೇಕು. ಪದಕಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಎಲೆ ಹಾಕಿ ಬಡಿಸಬೇಕು. ಬಲತೋಳಿನೊಳಗೆ ಬಾಯಿಟ್ಟು ಊರ ಸುದ್ದಿ ಹೇಳಬೇಕು, ಯಾರ ಎಮ್ಮೆ ಕರು ಹಾಕಿತು, ಯಾರ ಬಾವಿಯಲ್ಲಿ ನೀರು ಬಂತು, ಯಾರು ಯಾರ ಜೊತೆ ಮಾತು ಬಿಟ್ಟರು ಎಲ್ಲ. ಆ ತೋಳಿನ ಇನ್ನೊಂದು ತುದಿ ಹೊಳೆಯಾಚೆ ಅವರ ಕಿವಿಯ ಹತ್ತಿರ ಇದೆ ಅಂತ ನಮ್ಮ ನಂಬಿಕೆ. ಊಟದ ಹೊತ್ತು ಕಳೆದ ಮೇಲೆ, ಅವರು ಮಡಿಸಿದ ಹಾಗೇ ಮಡಿಸಿ, ಅಂಗೈ ಒತ್ತಿ, ಚಾವಡಿಗೆ ತಂದು ಬಿಡಬೇಕು.

ನಮ್ಮ ಊರಲ್ಲಿ ಇನ್ನೊಂದು ಪದ್ಧತಿ ಇದೆ. ನಿಮ್ಮ ಕಡೆ ಇಲ್ಲ ಅಂತ ಕೇಳಿದ್ದೇನೆ. ಮನೆಗೆ ಬಂದ ನೆಂಟ ಬಂದ ಹಾಗೇ ಹೋಗಬಾರದು. ಹೊರಡುವಾಗ ಮನೆಯ ಹಿರಿಯರು ಅವನ ಸೊಂಟದ ಉಡಿದಾರ ಒಂದಿಷ್ಟು ಸಡಿಲಿಸಿ ಕಳಿಸುತ್ತಾರೆ. ಉಂಡು ಮೈ ತುಂಬಿಕೊಂಡ ಅನ್ನೋದಕ್ಕೆ ಅದು ಸಾಕ್ಷಿ. ಹಾಗೆ ಮಾಡದ ಮನೆಯನ್ನು ಜನ ಆಡಿಕೊಳ್ಳುತ್ತಾರೆ.

ಮೊದಲನೆಯ ಸರದಿ ಕುಂಬಾರಗಿತ್ತಿ ಅಜ್ಜಿಯದು. ಅವತ್ತು ಸಂಜೆ ಕೈಯಲ್ಲಿ ಒಂದು ಎಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಅಂಗಿಗೆ ಉಡಿದಾರ ಎಲ್ಲೈತಪ್ಪ? ನಮ್ಮನೆಯಿಂದ ದಳವಾಯಿ ಬಂದಂಗೇ ಹೋದ ಅಂತ ಆಗಬಾರ್ದು. ಪಕ್ಕದ ಹೊಲಿಗೆ ಒಂದು ದಾರದಷ್ಟು ಬಿಡು. ದಾರ ನಮ್ಮನೇದೇ." ನನಗೂ ಕಣ್ಣಲ್ಲಿ ನೀರು ಬಂತು. ಬಿಟ್ಟೆ. ಒಂದು ದಾರದಷ್ಟು, ಅಷ್ಟೇ. ಮಾರನೆಯ ದಿನ ಎರಡನೆಯ ಮನೆಯವರು ಬಂದರು. ಕುಂಬಾರಗಿತ್ತಿಗೆ ಬಿಟ್ಟು ನಮಗೆ ಇಲ್ಲವಾ ಅಂದರು. ಬಿಟ್ಟೆ. ಒಬ್ಬೊಬ್ಬರೂ ತಮ್ಮ ಮನೆಯ ದಾರ ತರುತ್ತಿದ್ದರು. ಧಾರೆ ಸೀರೆಯಿಂದ ಎಳೆದದ್ದು, ಅಪ್ಪನ ಪಂಚೆಯಿಂದ ಎಳೆದದ್ದು, ತೊಟ್ಟಿಲ ಬಟ್ಟೆಯಿಂದ ಎಳೆದದ್ದು. ಆ ಮನೆಗೆ ಆ ಬಣ್ಣ. ವರ್ಷ ಮುಗಿಯುವ ಹೊತ್ತಿಗೆ ಮುನ್ನೂರು ಬಣ್ಣ ಅಂಗಿಯ ಒಳಗೆ ಸೇರಿದವು. ಮತ್ತೆ ಮೊದಲನೆಯ ಮನೆಯಿಂದ ಶುರು.

ನನ್ನ ಮನೆಯ ದಾರ ಕೆಂಪು. ಅದನ್ನೂ ಹೇಳಿಬಿಡುತ್ತೇನೆ.

ಮೂರನೆಯ ವರ್ಷ ಒಬ್ಬ ಬಂದ. ನಾನೇ ದಳವಾಯಿ, ತಪ್ಪಿಸಿಕೊಂಡು ಬಂದೆ ಅಂದ. ಗಡ್ಡ ಬೆಳೆದಿತ್ತು, ಮುಖದ ತುಂಬ ಗಾಯ. ದಳವಾಯಿಗಳ ತಾಯಿ ಓಡಿಬಂದು ಅವನನ್ನು ತಬ್ಬಿಕೊಂಡಳು. ತಾಯಿಯೇ ತಬ್ಬಿಕೊಂಡ ಮೇಲೆ ಊರು ಇನ್ನೇನು ಕೇಳುತ್ತದೆ? ಒಂದು ತಿಂಗಳು ಉಂಡ, ತಿಂದ, ಮೆರೆದ. ಒಂದು ಬೆಳಿಗ್ಗೆ ದಳವಾಯಿಗಳ ಕುದುರೆ ಹತ್ತಿ ಹೋದವನು ಮತ್ತೆ ಬರಲಿಲ್ಲ. ತಾಯಿ ಹಾಸಿಗೆ ಹಿಡಿದಳು. "ನನ್ನ ಕಣ್ಣು ನನ್ನ ಮಗನ್ನ ಮರೀತು" ಅಂತ ಒಂದೇ ಮಾತು. ಅದೇ ಕೊರಗಲ್ಲಿ ಹೋಗಿಬಿಟ್ಟಳು.

ಊರ ಹಿರಿಯರೆಲ್ಲ ಇಲ್ಲಿ ನಿಂತು ಯೋಚನೆ ಮಾಡಿದರು. ನಾಳೆ ಇನ್ನೊಬ್ಬ ಬಂದರೆ ಏನು ಗತಿ ಅಂದರು. ಆಗ ಮುಂದೆ ಬಂದು ಮಾತಾಡಿದವನು ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. "ತಾಯಿಯ ಕಣ್ಣು ತಪ್ಪೀತು, ನನ್ನ ಅಳತೆ ತಪ್ಪಲ್ಲ. ಅಂಗಿ ಯಾರಿಗೆ ಹೊಂದತ್ತೋ ಅವರೇ ದಳವಾಯಿ. ರಕ್ತ ಹಂಚಿಕೊಂಡವರು ಸಾಕ್ಷಿ ಹೇಳಬಾರದು. ಅಂಗಿ ದಳವಾಯಿಗಳ ಅಳತೆಗೇ ಸರಿ ಇದೆಯೋ ಇಲ್ಲವೋ ಅಂತ ದರ್ಜಿ ಮಾತ್ರ ಹೇಳಬೇಕು." ಊರ ಯಜಮಾನರು ಭೇಷ್ ಅಂದರು. ಈ ಮಣೆ ಹಾಕಿಸಿಕೊಟ್ಟರು. ಇಡೀ ಊರು ನಿಂತಿರುವಾಗ ನಾನೊಬ್ಬ ಕೂತೆ. ಕೂತು ನೋಡಿ ಸ್ವಾಮಿ, ಏಳೋದಕ್ಕೆ ಮನಸ್ಸೇ ಬರಲ್ಲ.

ನಿಮಗೆ ಈಗಲೇ ಅನ್ನಿಸಿರಬೇಕು, ಅಲ್ಲಯ್ಯಾ, ದಿನಾ ಅಂಗಿ ದೊಡ್ಡದು ಮಾಡುವವನೂ ನೀನೇ, ಅಂಗಿ ಹೊಂದಿದರೆ ಮಾತ್ರ ಒಪ್ಪಿ ಅನ್ನುವವನೂ ನೀನೇ, ಎರಡೂ ಒಟ್ಟಿಗೆ ತಲೆಗೆ ಹೊಳೆಯಲಿಲ್ಲವಾ ಅಂತ. ಹೊಳೆಯಿತು. ಐದನೆಯ ವರ್ಷವೇ ಹೊಳೆಯಿತು. ದಳವಾಯಿಗಳಿಗೆ ಮೊದಲ ಸಲ ಅಂಗಿ ಹೊಲಿದಾಗ ತೆಗೆದ ಅಳತೆಯ ಹುರಿ ನನ್ನ ಹತ್ತಿರ ಇತ್ತು, ಎದೆಗೊಂದು ಗಂಟು, ತೋಳಿಗೊಂದು ಗಂಟು. ಅವತ್ತು ಅದನ್ನು ಅಂಗಿಯ ಮೇಲೆ ಹಿಡಿದು ನೋಡಿದೆ. ಅಂಗಿ ಒಂದು ಗೇಣು ಮುಂದೆ ಹೋಗಿತ್ತು. ಹುರಿಯನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಅಂಗಿಗೆ ಹಿಡಿಯಲೇ ಇಲ್ಲ.

ಒಳಗಿನ ಮಡಿಕೆಯ ಬಟ್ಟೆ ಮುಗಿದ ಮೇಲೆ ಪಕ್ಕಕ್ಕೆ ಹೊಸ ಬಟ್ಟೆಯ ಪಟ್ಟಿ ಸೇರಿಸಿದೆ. ಅಂಗಿ ಜೋತು ಬೀಳುತ್ತೆ ಅಂತ ಬಡಗಿ ಪೀಠ ಅಗಲ ಮಾಡಿಕೊಟ್ಟ. ಆದರೂ ಸೊರಗಿದ ಹಾಗೆ ಕಾಣುತ್ತೆ ಅಂತ ಒಳಗೆ ಹುಲ್ಲು ತುಂಬಿದೆವು. ನಮ್ಮ ದಳವಾಯಿ ಎಷ್ಟು ದೊಡ್ಡವರು ನೋಡಿ ಅಂತ ಜನ ಹೇಳಿಕೊಂಡು ತಿರುಗಿದರು. ಡಂಗುರದವನು ದಿನಕ್ಕೊಂದು ಕತೆ ಕಟ್ಟಿದ. ಸರಪಳಿ ಹಾಕಿದರೂ ಬಗ್ಗಲಿಲ್ಲ, ಬೆಂಕಿ ತೋರಿಸಿದರೂ ಬಗ್ಗಲಿಲ್ಲ ಅಂತ. ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು.

ಇಪ್ಪತ್ತೆರಡನೆಯ ಬೇಸಿಗೆ, ಮಟಮಟ ಮಧ್ಯಾಹ್ನ, ಆ ದಡದಿಂದ ಒಂದು ದೋಣಿ ಬಂತು. ಒಬ್ಬ ಮುದುಕ ಇಳಿದು ನಡೆದುಕೊಂಡು ಚಾವಡಿಗೆ ಬಂದ. ಗೋಣಿತಾಟು ಉಟ್ಟಿದ್ದ. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಕೈಯ ಗೆರೆಗಳಲ್ಲೆಲ್ಲ ಹಿಟ್ಟು ಕೂತಿತ್ತು, ತೊಳೆದರೂ ಹೋಗದ ಹಿಟ್ಟು. ನೀವು ನಿಂತಿರುವ ಜಾಗದಲ್ಲೇ ನಿಂತ.

"ಯಾರಪ್ಪ ನೀನು?" ಅಂದರು ಯಜಮಾನರು.

"ನಾನು ನಿಮ್ಮ ದಳವಾಯಿ."

"ಹಂಗಂತ ಮೊದಲೂ ಒಬ್ಬ ಹೇಳಿದ್ದ."

"ಹೇಳಿರಬಹುದು. ಆ ದಡದ ದೊರೆ ತೀರಿಕೊಂಡ. ಅವನ ಮಗ ನನ್ನನ್ನ ಕರೆಸಿ ಹೇಳಿದ, ಮೂರು ದಿನ ಬಿಡ್ತೀನಿ, ಹೋಗು, ನಿನ್ನೂರಿನವರು ಇವನು ನಮ್ಮವನು ಅಂದರೆ ನೀನು ಬಿಡುಗಡೆ, ಇಲ್ಲ ಅಂದರೆ ನೀನು ಯಾರವನೂ ಅಲ್ಲ, ಬಂದು ಸಾಯೋವರೆಗೂ ಬೀಸು ಅಂತ. ಮೂರನೇ ದಿನ ಹೊತ್ತು ಮುಳುಗೋ ತನಕ ದೋಣಿ ಕಾಯ್ತಿರತ್ತೆ. ಮಾತು ಕೊಟ್ಟು ಬಂದಿದ್ದೀನಿ."

"ಬೀಸೋದು ಅಂದ್ರೆ?"

"ರಾಗಿ. ಇಪ್ಪತ್ತೆರಡು ವರ್ಷ ಅವರ ದಂಡಿಗೆ ರಾಗಿ ಬೀಸಿದೆ."

ಚಾವಡಿಯಲ್ಲಿ ಗುಸುಗುಸು ಎದ್ದಿತು. ಡಂಗುರದವನ ಮುಖ ಸಪ್ಪಗಾಯಿತು. ಯಜಮಾನರು ಸಮಾಧಾನಕ್ಕೆ ಅನ್ನುವ ಹಾಗೆ, "ತಲೆ ಮಾತ್ರ ತಗ್ಗಿಸಲಿಲ್ಲ ತಾನೇ?" ಅಂದರು.

"ತಗ್ಗಿಸದೆ ಬೀಸೋದು ಹೆಂಗೆ?" ಅಂದ ಆ ಮುದುಕ.

ಅವನು ಪೀಠದ ಮೇಲಿನ ಅಂಗಿಯನ್ನೇ ನೋಡುತ್ತ ನಿಂತ. ಗುರುತು ಹತ್ತಲಿಲ್ಲ ಅಂತ ಕಾಣುತ್ತದೆ. ಆಮೇಲೆ ಏಳು ಪದಕ ಕಣ್ಣಿಗೆ ಬಿದ್ದು, ಒಂದು ಹೆಜ್ಜೆ ಹಿಂದಕ್ಕೆ ಇಟ್ಟ.

ಪರೀಕ್ಷೆ ಮೂರನೆಯ ದಿನ ಮಧ್ಯಾಹ್ನಕ್ಕೆ ಅಂತ ಆಯಿತು. ಅಲ್ಲಿಯ ತನಕ ಅಂಗಿಯೂ ದರ್ಜಿಯ ಮನೆಯಲ್ಲಿರಬೇಕು, ಬಂದವನೂ ದರ್ಜಿಯ ಜಗಲಿಯಲ್ಲಿರಬೇಕು. ಅದೂ ನಾನೇ ಮಾಡಿದ ಕಟ್ಟಳೆ.

ಮನೆಗೆ ಕರೆದುಕೊಂಡು ಹೋಗಿ ಅಳತೆಗೆ ನಿಲ್ಲಿಸಿದೆ. ಹೆಗಲ ಮೇಲೆ ಕೈ ಇಟ್ಟೆ ನೋಡಿ, ಕೈ ಅಲ್ಲೇ ನಿಂತಿತು. ದಳವಾಯಿಗಳ ಎಡ ಹೆಗಲು ಬಲದ್ದಕ್ಕಿಂತ ಅರ್ಧ ಬೆರಳು ಕೆಳಗೆ. ಅದು ಅವರಿಗೂ ಗೊತ್ತಿರಲಿಲ್ಲ, ನಾನೂ ಹೇಳಿರಲಿಲ್ಲ, ಎಡಗಡೆ ಒಂದಿಷ್ಟು ಹತ್ತಿ ಇಟ್ಟು ಹೊಲಿದು ಸರಿಮಾಡುತ್ತಿದ್ದೆ. ಹೊಲಿಯುವವನಿಗೆ ಮುಖ ಮರೆತುಹೋಗುತ್ತದೆ ಸ್ವಾಮಿ, ಹೆಗಲು ಮರೆಯುವುದಿಲ್ಲ.

"ಒಡೆಯಾ" ಅಂದೆ.

"ಹಾಗೆ ಕರೆಸಿಕೊಂಡು ಬಹಳ ಕಾಲ ಆಯ್ತು ಕಣೋ" ಅಂದರು. "ಕುಡಿಯೋದಕ್ಕೆ ನೀರು ಕೊಡು."

ಮಾರನೆಯ ಬೆಳಿಗ್ಗೆ ಅಂಗಿಯ ಹುಲ್ಲು ತೆಗೆದು, ಒಳಮಗ್ಗುಲು ಮಾಡಿ ಹರವಿದೆ. ಕತ್ತರಿ ತಗೊಂಡೆ. ಎಲ್ಲ ಬಿಚ್ಚಿ, ಹುರಿಯ ಅಳತೆಗೆ ತಂದುಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೆ. ದೇವರಾಣೆ ಮಾಡಿದ್ದೆ. ದಳವಾಯಿಗಳು ಜಗಲಿಯಿಂದ ಇಣುಕಿ, "ನನ್ನ ಅಂಗಿ ಯಾಕೋ ಹಿಂಗೆ ಊದಿಕೊಂಡಿದೆ?" ಅಂದರು. ನಾನು ಉಡಿದಾರದ ಪದ್ಧತಿ, ದಿನಕ್ಕೊಂದು ಮನೆ, ಮನೆಗೊಂದು ದಾರ, ಎಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು.

"ಅಂದ್ರೆ ಅಲ್ಲಿ ನಾನು ಅಂಬಲಿಗೆ ಬಾಯಿ ಬಿಡ್ತಿದ್ದಾಗ ಇಲ್ಲಿ ದಿನಾ ಎಲೆ ಮುಂದೆ ಕೂತಿದ್ದೆ ಅನ್ನು."

"ಹೂಂ ಒಡೆಯಾ."

"ಒಳ್ಳೆ ಜನ" ಅಂದರು. ನಕ್ಕು ಅಂದದ್ದಲ್ಲ. ಮನಸ್ಸಿಟ್ಟೇ ಅಂದರು.

ನಾನು ಮೊದಲನೆಯ ಹೊಲಿಗೆಗೆ ಕತ್ತರಿ ಇಟ್ಟಿದ್ದೆ, ಹಿತ್ತಲ ಬಾಗಿಲು ತಟ್ಟಿದ ಸದ್ದಾಯಿತು. ಯಜಮಾನರ ಹೆಂಡತಿ.

"ದರ್ಜಿಯಪ್ಪ, ಅವರೇ ಅಲ್ವಾ?" ಅಂತ ಪಿಸುಗುಟ್ಟಿದಳು.

"ಅವರೇ ತಾಯಿ."

"ನಂಗೆ ನೋಡಿದ ಕೂಡ್ಲೇ ಗೊತ್ತಾಯ್ತು. ಬಿಚ್ತಾ ಇದ್ದೀಯಾ? ಬಿಚ್ಚು, ಬಿಚ್ಚು, ಒಳ್ಳೇದಾಯ್ತು." ಹೊರಟವಳು ಬಾಗಿಲಲ್ಲಿ ನಿಂತಳು. "ನಮ್ಮನೇದು ಹಸಿರು ರೇಷ್ಮೆ ಎಳೆ. ನನ್ನ ಧಾರೆ ಸೀರೇದು. ಅದನ್ನೊಂದು ಬಿಟ್ಬಿಡು. ಮುನ್ನೂರರಲ್ಲಿ ಒಂದು ಮನೇದು ಉಳಿದ್ರೆ ಏನು ಮಹಾ ಆಗತ್ತೆ?"

ಸರಿ ಅಂದೆ. ಅವಳು ಹೋಗುತ್ತಲೂ ಬಡಗಿ ಬಂದ. ಅವರೇ ಅಂತ ಅವನಿಗೂ ಗೊತ್ತಾಗಿತ್ತು. ಬೇರೆಯವರದ್ದೆಲ್ಲ ಬಿಚ್ಚು, ನಮ್ಮದು ಇರಲಿ, ಪೀಠ ಮಾಡಿಕೊಟ್ಟವನು ನಾನಲ್ಲವಾ ಅಂದ. ಆಮೇಲೆ ಕುಂಬಾರಗಿತ್ತಿ ಅಜ್ಜಿಯ ಸೊಸೆ. ಶುರು ಮಾಡಿದ್ದೇ ನಮ್ಮನೆ, ಮೊದಲನೇ ದಾರ ಕೀಳ್ತೀಯಾ ಅಂತ ಕೇಳಿದಳು. ಆಮೇಲೆ ಎಣ್ಣೆ ಗಾಣದವನು. ಆಮೇಲೆ ಪೂಜಾರಿ. ಒಬ್ಬರೂ ಮುಂದಿನ ಬಾಗಿಲಿಗೆ ಬರಲಿಲ್ಲ. ಎಲ್ಲರೂ ಹಿತ್ತಲಿಂದಲೇ ಬಂದರು. ಎಲ್ಲರಿಗೂ ಅವರೇ ಅಂತ ಗೊತ್ತಿತ್ತು. ಅದನ್ನು ಕಿವಿಯಾರೆ ಕೇಳಿದವನು ನಾನು. ನಮ್ಮದೊಂದು ಬಿಡು ಅಂತ ಎಲ್ಲರೂ ಅಂದರು.

ಡಂಗುರದವನು ಬಂದಾಗ ಬೈದು ಕಳಿಸೋಣ ಅಂತಿದ್ದೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತ. ಅವನ ಮನೆಯ ದಾರ ನೀಲಿ. ತೀರಿಹೋದ ಮಗಳ ಲಂಗದಿಂದ ವರ್ಷಕ್ಕೊಂದು ಎಳೆ ಎಳೆದು ತರುತ್ತಿದ್ದ. ಆ ಲಂಗ ಈಗ ಪೂರ್ತಿ ಅಂಗಿಯೊಳಗೇ ಇತ್ತು. "ಬೇರೆ ಎಲ್ಲೂ ಅವಳದ್ದು ಅಂತ ಏನೂ ಉಳಿದಿಲ್ಲ ದರ್ಜಿ" ಅಂದ. ಅವನಿಗೆ ನಾನು ಏನು ಹೇಳಲಿ, ನೀವೇ ಹೇಳಿ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಕೊನೆಗೆ ದಳವಾಯಿಗಳ ತಂಗಿ ಬಂದಳು. ಅವಳು ಮುಂಬಾಗಿಲಿಗೇ ಬಂದಳು. ಪರೀಕ್ಷೆ ಮುಗಿಯುವ ತನಕ ರಕ್ತ ಹಂಚಿಕೊಂಡವರು ಮುಖ ನೋಡಬಾರದು ಅಂತ ಸೆರಗು ಕಣ್ಣಿಗೆ ಎಳೆದುಕೊಂಡು ಜಗಲಿ ದಾಟಿದಳು. ಅಣ್ಣ ಸೀನಿದ್ದು ಕೇಳಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಬಂದಳು.

"ದರ್ಜಿಯಣ್ಣ, ನಮ್ಮನೇದು ಬಿಚ್ಚಿ. ಮೊದಲು ನಮ್ಮದು."

ಅವಳ ಮನೆಯ ದಾರ ಬಿಳಿ, ತಾಯಿಯ ಸೀರೆಯದು. ಎಡ ಕಂಕುಳ ಕೆಳಗೆ ಇಪ್ಪತ್ತೆರಡು ಹೊಲಿಗೆ. ಅವಳ ಎದುರಿಗೇ ಒಂದೊಂದಾಗಿ ಬಿಚ್ಚಿ ಅಲ್ಲಿ ಬಿಗಿ ಮಾಡಿದೆ. ಅವಳು ಎಳೆಗಳನ್ನು ಅಂಗೈಯಲ್ಲಿ ಕೂಡಿಸಿಕೊಂಡಳು. ಉಳಿದ ಬಣ್ಣಗಳನ್ನೆಲ್ಲ ನೋಡಿದಳು. ಅವಳಿಗೆ ಅರ್ಥವಾಯಿತು. ಕೂಗಾಡಲಿಲ್ಲ, ಶಪಿಸಲಿಲ್ಲ. ಒಂದೇ ಮಾತು ಕೇಳಿದಳು.

"ನಿಮ್ಮನೇದು ಬಿಚ್ಚಿದ್ರಾ?"

ಸ್ವಾಮಿ, ನನ್ನ ಮನೆಯ ದಾರ ಬಿಚ್ಚಬೇಡ ಅಂತ ತಡೆಯೋದಕ್ಕೆ ಹಿತ್ತಲ ಬಾಗಿಲಿಗೆ ಯಾರೂ ಬಂದಿರಲಿಲ್ಲ. ಬೆಳಿಗ್ಗೆಯಿಂದ ಕತ್ತರಿ ನನ್ನ ಕೈಯಲ್ಲೇ ಇತ್ತು. ಕೆಂಪು ದಾರ ಕೊರಳಪಟ್ಟಿಯ ಹತ್ತಿರ, ಎಲ್ಲಕ್ಕಿಂತ ಸಣ್ಣ ಹೊಲಿಗೆ, ನನ್ನ ಕೈಯ ಕೆಲಸದಲ್ಲೇ ಚೆನ್ನಾದದ್ದು. "ಆಮೇಲೆ ಬಿಚ್ತೀನಮ್ಮ" ಅಂದೆ. ಅವಳು ತಲೆಯಾಡಿಸಿ ಹೋದಳು. ನಾನು ಬಿಚ್ಚಲಿಲ್ಲ. ಊರಿನವರಿಗೆಲ್ಲ ಬಿಟ್ಟು ನನ್ನದೊಂದು ಯಾಕೆ ಅನ್ನಿಸಿತು. ನಾಚಿಕೆಯಿಲ್ಲದವನ ಲೆಕ್ಕಾಚಾರ.

ಮೂರನೆಯ ದಿನ ಮಧ್ಯಾಹ್ನ ಇಡೀ ಊರು ಇಲ್ಲಿ ಸೇರಿತು. ಅಂಗಿಯನ್ನು ಇಬ್ಬರು ಎತ್ತಿ ಹಿಡಿದು ಅವರಿಗೆ ತೊಡಿಸಿದರು. ಅವರು ಅದರೊಳಗೆ ಮುಳುಗಿಹೋದರು. ತೋಳು ನೆಲಕ್ಕೆ ಬಿತ್ತು. ಹೆಗಲು ಜಾರಿ ಮೊಣಕೈಗೆ ಬಂತು. ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಹಿಡಿ ಹುಲ್ಲು ಅವರ ಕಾಲಿನ ಮೇಲೆ ಉದುರಿತು. ಹಿಂದಿನ ಸಾಲಲ್ಲಿ ಯಾರೋ ಒಬ್ಬರು ನಕ್ಕರು. ಯಾರು ಅಂತ ಇವತ್ತಿಗೂ ಯಾರೂ ಹೇಳಿಲ್ಲ.

ಯ‌ಜಮಾನರು ನನ್ನ ಕಡೆ ತಿರುಗಿದರು. "ದರ್ಜಿ, ದಳವಾಯಿಗಳ ಅಳತೆಗೆ ಅಂಗಿ ಸರಿ ಇದೆಯಾ?"

ಹುರಿ ನನ್ನ ಸೊಂಟದಲ್ಲಿತ್ತು. ಎಳೆದು ಎತ್ತಿ ಹಿಡಿದಿದ್ದರೆ ಮುಗಿಯುತ್ತಿತ್ತು. ನಾನು ಮುನ್ನೂರು ಮನೆಯವರ ಮುಖ ನೋಡಿದೆ. ಒಬ್ಬೊಬ್ಬರೂ ನೆಲ ನೋಡುತ್ತಿದ್ದರು.

"ಸರಿ ಇದೆ" ಅಂದೆ.

"ಇನ್ನೊಂದು ಸಲ ಹೇಳು. ಅಂಗಿ ಸರಿ ಇದೆಯಾ?"

"ಸರಿ ಇದೆ."

ಮೂರನೆಯ ಸಲ ಕೇಳುವಾಗ ಯಜಮಾನರು ನನ್ನ ಮಣೆಯ ಹತ್ತಿರಕ್ಕೇ ಬಂದು ಬಗ್ಗಿದರು. "ಯೋಚನೆ ಮಾಡಿ ಹೇಳಪ್ಪ. ಅಂಗಿ ಸರಿ ಇದೆಯಾ?"

ಈಗ ಅನ್ನಿಸುತ್ತದೆ, ಅವರು ಬೇಡಿಕೊಳ್ಳುತ್ತಿದ್ದರು. ತಮ್ಮ ಕೈಯಿಂದ ತಮ್ಮ ದಾರ ಕೀಳಲಾರದ ಜನ, ನಾನೊಬ್ಬ ಇಲ್ಲ ಅಂದುಬಿಟ್ಟರೆ ಸಾಕು ಅಂತ ಕಾಯುತ್ತಿದ್ದರು. ಅವತ್ತು ನನಗೆ ಅದು ತಿಳಿಯಲಿಲ್ಲ. ನಾನು ಮಣೆಯ ಮೇಲೆ ಕೂತಿದ್ದೆ.

"ಸರಿ ಇದೆ" ಅಂದೆ.

"ಅವನು ನನ್ನಣ್ಣ" ಅಂದಳು ತಂಗಿ, ಮೆಲ್ಲಗೆ. ರಕ್ತದ ಸಾಕ್ಷಿ ನಡೆಯಲ್ಲ ಅಂತ ಹಿರಿಯರು ಅಂದರು. ಅವಳ ಕೈ ಮುಚ್ಚಿತ್ತು, ಬೆರಳ ಸಂದಿಯಿಂದ ಬಿಳಿ ಎಳೆ ಇಣುಕುತ್ತಿತ್ತು.

ದಳವಾಯಿಗಳು ಅಂಗಿ ಕಳಚಿದರು. ಇಷ್ಟು ದೊಡ್ಡ ಅಂಗಿ, ನೆಲದ ಮೇಲೇ ಹರವಿದರು. ಎಡತೋಳನ್ನು ಎದೆಯ ಮೇಲೆ ತಂದರು. ಬಲತೋಳನ್ನು ಅದರ ಕೆಳಗೆ ತೂರಿಸಿದರು. ಮೂರು ಮಡಿಕೆ. ಕೊರಳಪಟ್ಟಿ ಒಳಕ್ಕೆ. ಅಂಗೈ ಒಂದು ಸಲ ಒತ್ತಿದರು. ಅದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುನ್ನೂರು ಮನೆಯವರೂ ದಿನಾ ಹಾಗೇ ಮಡಿಸುವವರು. ಎಲ್ಲರೂ ನೋಡಿದರು. ಇಡೀ ಚಾವಡಿ ಉಸಿರು ಎಳೆದುಕೊಂಡಿತು, ಆ ಸದ್ದು ನನಗೆ ಕೇಳಿಸಿತು. ಆಮೇಲೆ ಆ ಉಸಿರನ್ನು ಎಲ್ಲರೂ ಮೆಲ್ಲಗೆ ಬಿಟ್ಟರು, ಅಷ್ಟೇ.

ಅಂಗಿಯನ್ನು ತಂದು ನನ್ನ ತೊಡೆಯ ಮೇಲಿಟ್ಟು, "ಜೋಪಾನ" ಅಂದರು. ಯಜಮಾನರಿಗೆ ಕೈ ಮುಗಿದು, "ಹೋಗ್ತೀನಿ" ಅಂದರು. ನಮ್ಮಲ್ಲಿ ಹೆಣದ ಮುಂದೆಯೂ ಯಾರೂ ಹಾಗೆ ಅನ್ನುವುದಿಲ್ಲ. ಬರ್ತೀನಿ ಅಂತಲೇ ಅನ್ನೋದು.

ಅವರು ಬೀದಿ ದಾಟಿ ಹೊಳೆಯ ದಾರಿ ಹಿಡಿದ ಮೇಲೆ ನನಗೆ ಕಾಲು ಬಂತು. ಓಡಿದೆ. ದೋಣಿ ಹತ್ತುವ ಮುಂಚೆ ಹಿಡಿದೆ. ಹುರಿ ಬಿಚ್ಚಿ ಕೈಗೆ ಕೊಟ್ಟೆ. "ಒಡೆಯಾ, ಇದು ನಿಮ್ಮ ಅಳತೆ. ನನ್ನ ಹತ್ತಿರ ಇತ್ತು. ಅವತ್ತಿಂದ ಇತ್ತು."

ಅವರು ಹುರಿಯನ್ನು ಎದೆಗೆ ಸುತ್ತಿಕೊಂಡು ನೋಡಿದರು. ಗಂಟು ಗಂಟಿಗೆ ಸೇರಿಸಿದರು. ನಡುವೆ ನನ್ನ ಮುಷ್ಟಿ ಹೋಗುವಷ್ಟು ಜಾಗ ಉಳಿಯಿತು.

"ಇದೂ ಸಡಿಲ ಕಣೋ" ಅಂದರು. "ಇದನ್ನ ತೋರಿಸಿದ್ರೂ ನಾನು ಅವನಲ್ಲ ಅಂತಲೇ ಆಗ್ತಿತ್ತು." ಹುರಿಯನ್ನು ನನಗೇ ವಾಪಸು ಕೊಟ್ಟರು. "ಅಂಗಿ ತೊಟ್ಟಾಗ ಎಡ ಕಂಕುಳಲ್ಲಿ ಒಂದು ಕಡೆ ಬಿಗಿ ಇತ್ತು. ಅದು ಯಾರದು?"

"ನಿಮ್ಮ ತಂಗೀದು."

"ಹೂಂ" ಅಂದರು. ಅಲ್ಲಿ ಕೈಯಿಂದ ಒಂದು ಸಲ ಮುಟ್ಟಿಕೊಂಡರು.

ಓಡಿಹೋಗಿ ಒಡೆಯಾ, ದೋಣಿಯವನು ಒಬ್ಬನೇ ಇದ್ದಾನೆ ಅಂದೆ. ಮಾತು ಕೊಟ್ಟಿದ್ದೀನಿ ಅಂದರು. ಮೂರು ದಿನ ನಮ್ಮೂರಲ್ಲಿದ್ದ ನೆಂಟರು, ಬಂದ ಹಾಗೇ ಹೋಗುತ್ತಿದ್ದಾರೆ ಅಂತ ನನಗೆ ಆಗ ಹೊಳೆಯಿತು. ಅದಾದರೂ ಮಾಡೋಣ ಅಂತ ಬಗ್ಗಿ ಅವರ ಉಡಿದಾರಕ್ಕೆ ಕೈ ಹಾಕಿದೆ. ಅದು ಸೊಂಟದಿಂದ ಜಾರಿ ಮೂಳೆಯ ಮೇಲೆ ನೇತಾಡುತ್ತಿತ್ತು. ಸಡಿಲಿಸೋದಕ್ಕೆ ಏನೂ ಇರಲಿಲ್ಲ. ಈ ಕೈಯಿಂದ ಬಿಗಿ ಮಾಡಿ ಕಟ್ಟಿ ಕಳಿಸಿದೆ. ಉಡಿದಾರ ಬಿಗಿ ಮಾಡಿಸಿಕೊಂಡು ನಮ್ಮೂರಿಂದ ಹೋದ ನೆಂಟರು ಅವರೊಬ್ಬರೇ.

ದೋಣಿ ಆ ದಡ ಸೇರುವ ತನಕ ನಿಂತಿದ್ದೆ. ಹಿಂದೆ ತಿರುಗಿ ನೋಡಿದರೆ ದಡದ ಮೇಲೆ ಇಡೀ ಊರು ನಿಂತಿತ್ತು, ಇಪ್ಪತ್ತೆರಡು ವರ್ಷದ ಹಿಂದೆ ನಿಂತ ಹಾಗೇ. ಈ ಸಲ ಯಾರೂ ಅಳಲಿಲ್ಲ. ಅಳೋದಕ್ಕೆ ಮುಖ ಬೇಕಲ್ಲ.

ಅದಾಗಿ ಒಂಬತ್ತು ವರ್ಷ ಆಯಿತು. ಆ ಬಗ್ಗೆ ಊರಲ್ಲಿ ಯಾರೂ ಮಾತಾಡಲ್ಲ. ಡಂಗುರದವನು ಮಾತ್ರ ಬಂದವರಿಗೆ ಹೇಳುತ್ತಾನೆ, ಇನ್ನೊಬ್ಬ ವಂಚಕ ಬಂದಿದ್ದ, ಅಂಗಿಯೇ ಅವನನ್ನು ಹಿಡಿದುಕೊಟ್ಟಿತು ಅಂತ. ಎಂಟನೆಯ ಪದಕ ಅದಕ್ಕೇ. ನಾವೇ ಮಾಡಿಸಿ ಹಾಕಿದ್ದು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಆ ದಡದಿಂದ ಬೀಸುವ ಕಲ್ಲಿನ ಸದ್ದು ಕೇಳುತ್ತದಂತೆ. ಈಗಲೂ ಕೇಳುತ್ತದೆ ಅಂತಾರೆ. ನಾನು ಆ ಕಡೆ ಹೋಗಲ್ಲ.

ತಂಗಿಯ ಮನೆ ಸರದಿ ತಪ್ಪಿಸಿಕೊಂಡಿದೆ. ಅಗೋ, ಎಡ ಕಂಕುಳ ಕೆಳಗೆ ನೋಡಿ, ಸುಕ್ಕುಗಟ್ಟಿದೆಯಲ್ಲ, ಅದು ಅವಳ ಬಿಳಿ ದಾರ ಇದ್ದ ಜಾಗ. ಚೆನ್ನಾಗಿ ಕಾಣಲ್ಲ, ಸರಿಮಾಡು ಅಂತ ಜನ ಹೇಳುತ್ತಲೇ ಇರುತ್ತಾರೆ. ಅದೊಂದನ್ನು ನಾನು ಮುಟ್ಟಿಲ್ಲ. ನನ್ನ ಮನೆಯ ಸರದಿ ಬಂದಾಗ ಪದಕ ತಿಕ್ಕುತ್ತೇನೆ, ಎಲೆ ಹಾಕುತ್ತೇನೆ, ಬಲತೋಳಿನೊಳಗೆ ಬಾಯಿಟ್ಟು ಒಂದೇ ಸುದ್ದಿ ಹೇಳುತ್ತೇನೆ. "ಒಡೆಯಾ, ನೀವು ಬಂದಿದ್ದಿರಿ. ನಮಗೆಲ್ಲ ಗೊತ್ತಾಗಿತ್ತು." ಆಮೇಲೆ ಕೆಂಪು ದಾರ ತಗೊಂಡು ಒಂದು ಹೊಲಿಗೆ ಬಿಡುತ್ತೇನೆ. ಬಿಡದಿದ್ದರೆ ಜನ ಯಾಕೆ ಅಂತ ಕೇಳುತ್ತಾರೆ.

ಬಾಮ್ಮ, ಬಾ. ಇವರು ಇವತ್ತಿನ ಸರದಿಯ ಮನೆಯವರು ಸ್ವಾಮಿ. ದಾರ ತಂದಿದ್ದಾರೆ, ಹಳದಿ. ಮೊಮ್ಮಗುವಿನ ಕುಲಾವಿಯದಂತೆ. ಇರಿ, ಹೋಗಬೇಡಿ. ನನಗೆ ಈಗೀಗ ಕಣ್ಣು ಸರಿಯಾಗಿ ಕಾಣಲ್ಲ. ಈ ಸೂಜಿಗೆ ದಾರ ಒಂದು ಪೋಣಿಸಿಕೊಡಿ. ಒಂದೇ ಒಂದು ದಾರ, ಏನು ಮಹಾ.

ಪೋಣಿಸಿದಿರಾ? ಹೂಂ. ಇತ್ತ ಕೊಡಿ.